ಫಿಕ್ಸಿ ಸೈಕಲ್ಲಿಗೆ ರೋಡ್ ಕ್ರ್ಯಾಂಕ್: ಮೊದಲು ಅಳತೆ, ಆಮೇಲೆ ಖರೀದಿ

ಟ್ರ್ಯಾಕ್ ಸೈಕಲ್ಲಿಗೆಂದೇ ಮಾಡಿದ ಕ್ರ್ಯಾಂಕ್‌ಸೆಟ್ (ಪೆಡಲ್ ತೋಳುಗಳೂ ಮುಂದಿನ ಹಲ್ಲುಚಕ್ರ, ಅಂದರೆ ರಿಂಗೂ ಸೇರಿದ್ದು) ಪುಣೆಯ ಅಂಗಡಿಗಳಲ್ಲಿ ಕೇಳಿದ ತಕ್ಷಣ ಎತ್ತಿ ಕೊಡುವ ಮಾಲಲ್ಲ. ತರಿಸಿಕೊಂಡರೆ ದುಡ್ಡೂ ಜಾಸ್ತಿ, ಕಾಯುವುದೂ ಜಾಸ್ತಿ. ಆದರೆ ಗೇರ್ ಸೈಕಲ್ಲಿನವರು ಹೊಸದನ್ನು ಹಾಕಿಸಿಕೊಂಡು ಬಿಚ್ಚಿಟ್ಟ ಎರಡು ರಿಂಗಿನ ರೋಡ್ ಕ್ರ್ಯಾಂಕುಗಳು ಕಡಿಮೆ ಬೆಲೆಗೆ ಸಿಗುತ್ತವೆ. ವಿಜಯಪುರ, ಬಾಗಲಕೋಟೆ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಸೈಕಲ್ ಹುಚ್ಚಿನವರ ಮನೆಯ ಅಟ್ಟದ ಮೇಲೂ ಹಳೆಯ ರೇಸ್ ಸೈಕಲ್ಲಿನ ಇಂಥ ಸಾಮಾನು ಇರುವುದುಂಟು.

ಈ ಕ್ರ್ಯಾಂಕ್ ಸಿಂಗಲ್ ಸ್ಪೀಡಿಗೋ (ಒಂದೇ ಗೇರ್, ತುಳಿಯದಿದ್ದರೂ ಚಕ್ರ ಓಡುತ್ತದೆ) ಫಿಕ್ಸಿಗೋ (ಒಂದೇ ಗೇರ್, ಚಕ್ರ ತಿರುಗುವಷ್ಟು ಹೊತ್ತು ಪೆಡಲೂ ತಿರುಗುತ್ತದೆ) ಕೂರುತ್ತದೆಯೇ ಎಂದರೆ, ಬಹುಪಾಲು ಕೂರುತ್ತದೆ. ಆದರೆ ಕೂರುವುದು ಬೇರೆ, ಚೈನ್ ನೇರವಾಗಿ ಓಡುವುದು ಬೇರೆ. ಹಿಂದಿನ ಚಕ್ರದ ಅಳತೆ ತೆಗೆದು, ಅದಕ್ಕೆ ತಕ್ಕಂತೆ ಮುಂದಿನದನ್ನು ಹೊಂದಿಸಬೇಕು. ಈ ಕ್ರಮ ಹಿಂದುಮುಂದಾದರೆ ಎಕ್ಸೆಲ್ (ಎರಡೂ ಪೆಡಲ್ ತೋಳು ಕೂರುವ ಅಡ್ಡದಂಡ) ಬದಲಿಸು, ರಿಂಗ್ ಬದಲಿಸು ಎಂದು ಒಂದರ ಮೇಲೊಂದು ಖರ್ಚು ಬೀಳುತ್ತದೆ.

ಚೈನ್‌ಲೈನ್

ಫ್ರೇಮನ್ನು ಉದ್ದಕ್ಕೆ ಸಮನಾಗಿ ಸೀಳುವ ನಡುಗೆರೆಯೊಂದನ್ನು ಊಹಿಸಿಕೊಳ್ಳಿ. ಆ ಗೆರೆಯಿಂದ ಚೈನ್‌ರಿಂಗಿನ ಹಲ್ಲಿನ ನಡುಮಧ್ಯಕ್ಕೆ ಎಷ್ಟು ದೂರವೋ ಅದು ಮುಂದಿನ ಚೈನ್‌ಲೈನ್. ಅದೇ ಗೆರೆಯಿಂದ ಹಿಂದಿನ ಕಾಗಿನ (ಹಿಂದಿನ ಚಕ್ರದ ಹಲ್ಲುಚಕ್ರದ) ಹಲ್ಲಿನ ನಡುಮಧ್ಯಕ್ಕೆ ಇರುವ ದೂರ ಹಿಂದಿನ ಚೈನ್‌ಲೈನ್. ಎರಡೂ ಒಂದೇ ಆಗಿದ್ದರೆ ಚೈನ್ ನೇರ.

ಗೇರ್ ಸೈಕಲ್ಲಿನಲ್ಲಿ ಚೈನ್ ಅಡ್ಡಡ್ಡ ಓಡುವುದು ಸಹಜ. ಅಲ್ಲಿ ಹಿಂದಿನ ಡಿರೇಲರ್ (ಗೇರ್ ಬದಲಿಸುವ ಸಲಕರಣೆ) ಚೈನನ್ನು ಎಳೆದು ಹಿಡಿದು ಕಾಗಿನ ಬಾಯಿಗೇ ತಂದುಕೊಡುತ್ತದೆ. ಸಿಂಗಲ್ ಸ್ಪೀಡಿನಲ್ಲಿ ಆ ಸಹಾಯವಿಲ್ಲ. ಚೈನ್ ತಪ್ಪಿದರೆ ಸಿಂಗಲ್ ಸ್ಪೀಡಿನವರ ಪೆಡಲ್ ಸುಮ್ಮನೆ ಗಿರಕಿ ಹೊಡೆಯುತ್ತದೆ, ಅಷ್ಟೆ. ಫಿಕ್ಸಿಯಲ್ಲಿ ಹಾಗಲ್ಲ. ಚಕ್ರ ತಿರುಗುವವರೆಗೂ ಕಾಗ್ ತಿರುಗುತ್ತಲೇ ಇರುತ್ತದೆ; ಜಾರಿದ ಚೈನನ್ನು ಅದು ಹಬ್ಬಿಗೋ (ಚಕ್ರದ ನಡುಭಾಗಕ್ಕೋ) ಚೈನ್‌ಸ್ಟೇಗೋ (ಪೆಡಲಿನ ಕಡೆಯಿಂದ ಹಿಂದಿನ ಚಕ್ರಕ್ಕೆ ಹೋಗುವ ಫ್ರೇಮಿನ ಕೊಳವೆಗೋ) ಸುತ್ತಿಕೊಂಡು ಹಿಂದಿನ ಚಕ್ರವನ್ನು ಏಕಾಏಕಿ ಕಚ್ಚಿ ನಿಲ್ಲಿಸಬಹುದು. ಟ್ರಾಫಿಕ್ ನಡುವೆ ಹೀಗಾದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಅದಕ್ಕೇ ಫಿಕ್ಸಿಯಲ್ಲಿ ಎರಡು ಚೈನ್‌ಲೈನ್‌ಗಳ ವ್ಯತ್ಯಾಸ 1 ಮಿ.ಮೀ. ಒಳಗಿರಲಿ. ಸಿಂಗಲ್ ಸ್ಪೀಡಿಗೆ 2 ಮಿ.ಮೀ. ತನಕ ನಡೆಯುತ್ತದೆ. ಅದಕ್ಕೂ ಮೀರಿದರೆ ಮೊದಲು ಕರಕರ ಸದ್ದು, ಆಮೇಲೆ ಹಲ್ಲು ಒಂದೇ ಮಗ್ಗುಲಲ್ಲಿ ಸವೆಯುವುದು ಶುರುವಾಗುತ್ತದೆ.

ಅಳೆಯಲು ವರ್ನಿಯರ್ ಕ್ಯಾಲಿಪರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಸ್ಟೀಲ್ ಸ್ಕೇಲ್ ಸಾಕು. ಹಿಂದಿನದರಿಂದ ಶುರು ಮಾಡಿ. ಹಬ್ಬಿನ ಎರಡು ಲಾಕ್‌ನಟ್ಟುಗಳ ಹೊರಮೈ ನಡುವಿನ ಅಗಲ ನೋಡಿ: ಟ್ರ್ಯಾಕ್ ಹಬ್ಬಿಗೆ 120, ಈಗಿನ ರಿಮ್ ಬ್ರೇಕಿನ ರೋಡ್ ಹಬ್ಬಿಗೆ 130, ಹಳೆಯ ಆರು-ಏಳು ಗೇರಿನದಕ್ಕೆ 126 ಮಿ.ಮೀ. ಅದನ್ನು ಅರ್ಧ ಮಾಡಿ. ಬಲಗಡೆ ಲಾಕ್‌ನಟ್ಟಿನ ಹೊರಮೈಯಿಂದ ಕಾಗಿನ ಹಲ್ಲಿನ ನಡುಮಧ್ಯದವರೆಗಿನ ಅಂತರವನ್ನು ಅದರಿಂದ ಕಳೆಯಿರಿ. 120ರ ಹಬ್ಬಿನಲ್ಲಿ ಆ ಅಂತರ 18 ಬಂದರೆ, 60ರಲ್ಲಿ 18 ಹೋಗಿ 42. ಟ್ರ್ಯಾಕ್ ಹಬ್ಬುಗಳ ರೂಢಿಯ ಚೈನ್‌ಲೈನೂ ಇದೇ 42ರ ಆಸುಪಾಸು. ಫ್ಲಿಪ್-ಫ್ಲಾಪ್ ಹಬ್ಬಿನ (ಒಂದು ಕಡೆ ಫಿಕ್ಸಿ ಕಾಗ್, ಇನ್ನೊಂದು ಕಡೆ ಫ್ರೀವ್ಹೀಲ್ ಕೂರುವುದು) ಫ್ರೀವ್ಹೀಲ್ ಮಗ್ಗುಲು ಇದಕ್ಕಿಂತ ಒಂದೆರಡು ಮಿ.ಮೀ. ಹೊರಗೆ ಇರಬಹುದು, ಅದನ್ನು ಬೇರೆಯಾಗಿಯೇ ಅಳೆಯಬೇಕು.

ಮುಂದಿನದಕ್ಕೆ, ಸೀಟ್ ಟ್ಯೂಬಿನ ವ್ಯಾಸದ ಅರ್ಧಕ್ಕೆ, ಟ್ಯೂಬಿನ ಬಲಮೈಯಿಂದ ರಿಂಗಿನ ಹಲ್ಲಿನ ನಡುವಿನವರೆಗಿನ ದೂರ ಸೇರಿಸಿ. ಸ್ಟೀಲ್ ಫ್ರೇಮಿನ ಸೀಟ್ ಟ್ಯೂಬ್ ಸಾಮಾನ್ಯವಾಗಿ 28.6 ಮಿ.ಮೀ., ಅರ್ಧ 14.3. ಅಲ್ಲಿಂದ ಹಲ್ಲಿಗೆ 27 ಇದ್ದರೆ 41.3.

ರಿಂಗ್ ಒಳಗೋ ಹೊರಗೋ

ಎರಡು ರಿಂಗಿನ ರೋಡ್ ಕ್ರ್ಯಾಂಕಿಗೆ ತಯಾರಕರು ಕೊಡುವ ಚೈನ್‌ಲೈನ್ 43.5 ಮಿ.ಮೀ. ಇದು ಎರಡು ರಿಂಗುಗಳ ನಡುವಿನ ಖಾಲಿ ಜಾಗದ ಅಳತೆಯೇ ಹೊರತು ಯಾವ ರಿಂಗಿನದೂ ಅಲ್ಲ. ರಿಂಗುಗಳ ನಡುವೆ ಸುಮಾರು 5 ಮಿ.ಮೀ. ಅಂತರ ಇರುವುದರಿಂದ ಹೊರಗಿನದು 46ರ ಹತ್ತಿರ, ಒಳಗಿನದು 41ರ ಹತ್ತಿರ ನಿಲ್ಲುತ್ತದೆ. ಹಿಂದೆ 42 ಇದ್ದಾಗ ಹೊರಗಿನ ಜಾಗದಲ್ಲಿ ರಿಂಗ್ ಹಾಕಿದರೆ 4 ಮಿ.ಮೀ. ತಪ್ಪು, ಒಳಗೆ ಹಾಕಿದರೆ 1 ಮಿ.ಮೀ. ಮಾತ್ರ.

ನೋಡಲು ಚೆಂದ ಎಂದು ಹೆಚ್ಚಿನವರು ರಿಂಗನ್ನು ಹೊರಗೇ ಹಾಕಿಬಿಡುತ್ತಾರೆ. ಅದು ಬೇಡ. ರಿಂಗಿನ ಜಾಗ ಸ್ಪೈಡರಿನ ಒಳಮೈ. ಸ್ಪೈಡರ್ ಅಂದರೆ ಬಲಗಡೆಯ ಕ್ರ್ಯಾಂಕಿನಿಂದ ಕವಲೊಡೆದ ಐದು (ಹೊಸದರಲ್ಲಿ ನಾಲ್ಕು) ತೋಳುಗಳು. ಹಿಂದಿನ ಅಳತೆಯೇ 45ರ ಹತ್ತಿರ ಬಂದಿದ್ದರೆ ಮಾತ್ರ ಹೊರಗಿನ ಜಾಗ ಸರಿ.

ಎಲ್ಲಕ್ಕಿಂತ ಅಗ್ಗದ ದಾರಿ ಒಂದಿದೆ. 53/39 ಅಥವಾ 52/42 ಹಲ್ಲಿನ ಹಳೆಯ ಕ್ರ್ಯಾಂಕ್ ಸಿಕ್ಕರೆ, ಹೊರಗಿನ ದೊಡ್ಡ ರಿಂಗನ್ನು ತೆಗೆದುಹಾಕಿ, ಒಳಗಿನ 39 ಅಥವಾ 42ನ್ನು ಅದಿದ್ದ ಜಾಗದಲ್ಲೇ ಬಿಡಿ. ಹೊಸ ರಿಂಗ್ ಕೊಳ್ಳುವ ಅಗತ್ಯವೇ ಇಲ್ಲ. ದೊಡ್ಡ ರಿಂಗಿನ ಹಲ್ಲುಗಳನ್ನು ಗೇರ್ ಬದಲಾಗಲೆಂದು ಅಲ್ಲಲ್ಲಿ ಕತ್ತರಿಸಿ, ಮೋಟು ಮಾಡಿ, ಮಗ್ಗುಲಿಗೆ ಪಿನ್ನು ಕೂರಿಸಿರುತ್ತಾರೆ. ಚೈನ್ ಸುಲಭವಾಗಿ ಇಳಿಯಲೆಂದೇ ಮಾಡಿದ ಹಲ್ಲು ಅದು. ಒಳಗಿನ ಸಣ್ಣ ರಿಂಗಿನಲ್ಲಿ ಇದೆಲ್ಲ ಇಲ್ಲ, ಅಥವಾ ತೀರಾ ಕಡಿಮೆ. ಆದ್ದರಿಂದ ಚೈನ್ ಗಟ್ಟಿಯಾಗಿ ಕೂರುತ್ತದೆ.

ಬೇರೆ ರಿಂಗನ್ನೇ ಕೊಳ್ಳುವುದಾದರೆ ಮೊದಲು ಬೋಲ್ಟು ತೂತುಗಳು ಕೂತಿರುವ ವೃತ್ತದ ವ್ಯಾಸ, ಅಂದರೆ ಬಿಸಿಡಿ, ನೋಡಬೇಕು. ರೋಡ್ ಕ್ರ್ಯಾಂಕಿನಲ್ಲಿ 130 ಹಳೆಯ ರೂಢಿ, ಕಾಂಪ್ಯಾಕ್ಟಿಗೆ (ಸಣ್ಣ ರಿಂಗುಗಳ ಕ್ರ್ಯಾಂಕಿಗೆ) 110, ಕ್ಯಾಂಪಗ್ನೋಲೊ ಕಡೆಯದಕ್ಕೆ 135. ಟ್ರ್ಯಾಕಿನದು 144, ಹಾಗಾಗಿ ಟ್ರ್ಯಾಕ್ ರಿಂಗ್ ರೋಡ್ ಕ್ರ್ಯಾಂಕಿಗೆ ಹಿಡಿಯುವುದಿಲ್ಲ. ಐದು ತೋಳಿನಲ್ಲಿ ವ್ಯಾಸವನ್ನು ನೇರವಾಗಿ ಅಳೆಯಲಾಗದು. ಅಕ್ಕಪಕ್ಕದ ಎರಡು ತೂತುಗಳ ನಡುಮಧ್ಯದ ಅಂತರ ಅಳೆಯಿರಿ: 76.4 ಮಿ.ಮೀ. ಬಂದರೆ 130, 64.7 ಬಂದರೆ 110. ಶಿಮಾನೋದ ಹೊಸ ನಾಲ್ಕು ತೋಳಿನ ಕ್ರ್ಯಾಂಕುಗಳಲ್ಲಿ ತೋಳುಗಳ ನಡುವಿನ ಅಂತರ ಸಮವಾಗಿಲ್ಲ, ಅದಕ್ಕೆಂದೇ ಮಾಡಿದ ರಿಂಗ್ ಬೇಕು. ಸಿಂಗಲ್ ಸ್ಪೀಡಿಗೆ ಹುಡುಕುವವರು ಐದು ತೋಳಿನ ಹಳೆಯದನ್ನೇ ಹುಡುಕುವುದು ಮೇಲು.

ಹೊರಗೆ ಕೂರಲು ಮಾಡಿದ ರಿಂಗನ್ನು ಒಳಗೆ ಹಾಕುವಾಗ ಒಂದು ಸಣ್ಣ ಸೂಕ್ಷ್ಮವಿದೆ. ರಿಂಗಿನ ಒಂದು ಮುಖದಲ್ಲಿ ಬೋಲ್ಟಿನ ತಲೆ ಮುಳುಗಲು ತೂತಿನ ಸುತ್ತ ತಗ್ಗು ಕೊರೆದಿರುತ್ತಾರೆ, ಇನ್ನೊಂದು ಮುಖ ಚಪ್ಪಟೆ. ಸ್ಪೈಡರಿಗೆ ತಾಗಬೇಕಾದದ್ದು ಚಪ್ಪಟೆ ಮುಖ. ಒಳಗೆ ಹಾಕುವಾಗ ರಿಂಗನ್ನು ಮಗುಚಿ, ತಗ್ಗು ಫ್ರೇಮಿನ ಕಡೆ ಬರುವಂತೆ ಕೂರಿಸಿ. ಇದನ್ನು ಗಮನಿಸದಿದ್ದರೆ ಬೋಲ್ಟಿನ ತಲೆ ಒಳಗೆ ಚಾಚಿಕೊಂಡು ಚೈನಿಗೆ ತಾಗಬಹುದು.

ಇನ್ನು ಬೋಲ್ಟು. ಎರಡು ರಿಂಗ್ ಹಿಡಿಯಲು ಮಾಡಿದ ಉದ್ದ ಬೋಲ್ಟನ್ನು ಒಂದೇ ರಿಂಗಿಗೆ ಹಾಕಿದರೆ, ಬೋಲ್ಟು-ನಟ್ಟು ಒಂದಕ್ಕೊಂದು ತಾಗಿ ನಿಂತುಬಿಡುತ್ತವೆ. ಕೈಗೆ ಬಿಗಿಯಾದಂತೆಯೇ ಅನಿಸುತ್ತದೆ, ಆದರೆ ರಿಂಗ್ ಸಡಿಲವಾಗಿಯೇ ಇರುತ್ತದೆ. ಪೆಡಲ್ ತುಳಿದಾಗೊಮ್ಮೆ ಟಕ್ ಎನ್ನುವ ಸೈಕಲ್ಲುಗಳಲ್ಲಿ ಎಷ್ಟೋ ಸಲ ಕಾರಣ ಇದೇ. ಸಿಂಗಲ್ ರಿಂಗಿನ ಗಿಡ್ಡ ಬೋಲ್ಟು ಸೆಟ್ ಕೇಳಿ ತನ್ನಿ. ಸಿಗದಿದ್ದರೆ ಹೊರಗಿನ ಜಾಗದಲ್ಲಿ ಹಲ್ಲಿಲ್ಲದ ಗಾರ್ಡ್ ರಿಂಗ್ ಹಾಕಿ ಅದೇ ಉದ್ದ ಬೋಲ್ಟು ಬಳಸಬಹುದು, ಪ್ಯಾಂಟಿಗೂ ರಕ್ಷಣೆ. ನಟ್ಟಿನ ಕೊಳವೆಯನ್ನು ಅರದಿಂದ ಸ್ವಲ್ಪ ಉಜ್ಜಿ ಗಿಡ್ಡ ಮಾಡುವವರೂ ಇದ್ದಾರೆ. ತುದಿ ಸಮನಾಗಿ ಬಂದರೆ ಅದೂ ಸರಿಯೇ. ಬಿಗಿ 8ರಿಂದ 10 ನ್ಯೂಟನ್ ಮೀಟರ್, ನಕ್ಷತ್ರ ಬರೆಯುವ ಕ್ರಮದಲ್ಲಿ ಒಂದು ಬಿಟ್ಟು ಒಂದು.

ಒಳಗಿನ ಜಾಗದ ಒಂದೇ ತೊಡಕು ಚೈನ್‌ಸ್ಟೇ. 39, 42 ಹಲ್ಲು ಹೆಚ್ಚಿನ ರೋಡ್ ಫ್ರೇಮಿನಲ್ಲಿ ನಿರಾಳವಾಗಿ ತಿರುಗುತ್ತವೆ. 44 ಇದ್ದರೆ ಹಾಕಿ ನೋಡಬೇಕು. 46 ಮತ್ತು ಮೇಲಿನದು ಸ್ಟೇಗೆ ಉಜ್ಜುವ ಸಾಧ್ಯತೆ ಹೆಚ್ಚು. ನಿಂತಾಗ 1 ಮಿ.ಮೀ. ಜಾಗ ಕಂಡರೆ ಸಾಕಾಗದು. ಎದ್ದು ನಿಂತು ತುಳಿದಾಗ ಫ್ರೇಮೂ ಕ್ರ್ಯಾಂಕೂ ಬಾಗುತ್ತವೆ, 3 ಮಿ.ಮೀ. ಆದರೂ ಬಿಡಿ.

ಬಿಬಿ ಎಕ್ಸೆಲ್

43.5 ಎಂಬ ಲೆಕ್ಕ ನಿಲ್ಲುವುದು ಆ ಕ್ರ್ಯಾಂಕಿಗೆ ಹೇಳಿದ ಉದ್ದದ ಬಿಬಿ (ಬಾಟಮ್ ಬ್ರಾಕೆಟ್, ಅಂದರೆ ಫ್ರೇಮಿನೊಳಗೆ ಕೂರುವ ಎಕ್ಸೆಲ್ ಮತ್ತು ಬೇರಿಂಗ್) ಇದ್ದಾಗ ಮಾತ್ರ. ಚೌಕ ತುದಿಯ ಹಳೆಯ ಬಿಬಿಯಲ್ಲಿ ಇದೇ ಅನುಕೂಲವೂ ಹೌದು, ಯಾಕೆಂದರೆ ಎಕ್ಸೆಲ್ ಉದ್ದ ಬದಲಿಸಿ ಚೈನ್‌ಲೈನ್ ಸರಿಸಬಹುದು. 103, 107, 110.5, 113, 115, 118, 122.5 ಹೀಗೆ ಉದ್ದಗಳಿವೆ. ಎರಡೂ ಕಡೆ ಸಮವಾಗಿ ಹೊರಚಾಚುವ ಎಕ್ಸೆಲ್ಲಾದರೆ, ಉದ್ದ ಎಷ್ಟು ಬದಲಾಯಿತೋ ಅದರ ಅರ್ಧದಷ್ಟು ರಿಂಗ್ ಸರಿಯುತ್ತದೆ. 113 ತೆಗೆದು 107 ಹಾಕಿದರೆ 3 ಮಿ.ಮೀ. ಒಳಕ್ಕೆ. ಮೂರು ರಿಂಗಿನ ರೋಡ್ ಕ್ರ್ಯಾಂಕ್ ಸಿಕ್ಕವರಿಗೆ ಇದು ಬೇಕಾಗುತ್ತದೆ: ಅದರ ನಡುವಿನ ರಿಂಗಿನ ಚೈನ್‌ಲೈನ್ 45, ಹೇಳಿದ್ದಕ್ಕಿಂತ 6 ಮಿ.ಮೀ. ಗಿಡ್ಡ ಎಕ್ಸೆಲ್ ಹಾಕಿದರೆ ಆ ರಿಂಗ್ 42ಕ್ಕೆ ಬರುತ್ತದೆ. ಗಿಡ್ಡ ಮಾಡಿದ ಮೇಲೆ ಎಡ-ಬಲ ಎರಡೂ ತೋಳು, ಮತ್ತೆ ಸ್ಪೈಡರಿನ ಒಳತುದಿ, ಸ್ಟೇಗೆ ತಾಗುವುದಿಲ್ಲ ಎಂದು ಒಂದು ಸುತ್ತು ತಿರುಗಿಸಿ ನೋಡಿ.

ಚೌಕ ತುದಿಯಲ್ಲೂ ಎರಡು ಜಾತಿ: ಜೆಐಎಸ್ ಮತ್ತು ಐಎಸ್ಒ. ಇಳಿಜಾರಿನ ಕೋನ ಎರಡರದೂ ಒಂದೇ, ತುದಿಯ ದಪ್ಪ ಬೇರೆ. ಶಿಮಾನೋ ಮತ್ತು ಹೆಚ್ಚಿನ ತೈವಾನ್ ಮಾಲು ಜೆಐಎಸ್, ಕ್ಯಾಂಪಗ್ನೋಲೊ ಐಎಸ್ಒ. ಐಎಸ್ಒ ಕ್ರ್ಯಾಂಕನ್ನು ಜೆಐಎಸ್ ಎಕ್ಸೆಲ್ಲಿಗೆ ಹಾಕಿದರೆ ಪೂರ್ತಿ ಒಳಹೋಗದೆ ಹೊರಗೇ ನಿಲ್ಲುತ್ತದೆ. ತಿರುವುಮುರುವು ಮಾಡಿದರೆ ತೀರಾ ಒಳಹೋಗಿ, ತೋಳು ಬಿಗಿಯಾಗುವ ಮೊದಲೇ ಬೋಲ್ಟು ಎಕ್ಸೆಲ್ ತುದಿಗೆ ತಾಗಿ ನಿಲ್ಲಬಹುದು. ಇದು ಅಪಾಯ. ಬೆರೆಸದಿರುವುದೇ ಒಳ್ಳೆಯದು.

ಶಿಮಾನೋದ ಹಾಲೋಟೆಕ್ 2ರಂಥ 24 ಮಿ.ಮೀ. ಎಕ್ಸೆಲ್ಲಿನ ಕ್ರ್ಯಾಂಕಿನಲ್ಲಿ ಎಕ್ಸೆಲ್ ಬಲತೋಳಿಗೇ ಅಂಟಿಕೊಂಡಿರುತ್ತದೆ. ಉದ್ದದ ಆಟ ಇಲ್ಲಿಲ್ಲ. ರಿಂಗ್ ಒಳಗೆ ಅಥವಾ ಹೊರಗೆ, ಎರಡೇ ಆಯ್ಕೆ. ಸ್ಪೈಡರಿಗೂ ರಿಂಗಿಗೂ ನಡುವೆ ತೆಳು ವಾಶರ್ ಹಾಕಿ ಅರ್ಧ-ಒಂದು ಮಿ.ಮೀ. ಇನ್ನೂ ಒಳಕ್ಕೆ ತರಬಹುದು, ಅಷ್ಟೆ. 68 ಮಿ.ಮೀ. ಶೆಲ್ಲಿನಲ್ಲಿ (ಬಿಬಿ ಕೂರುವ ಫ್ರೇಮಿನ ಕೊಳವೆಯಲ್ಲಿ) ಬಲಗಡೆ ಕಪ್ಪಿನ ಕೆಳಗೆ ಸ್ಪೇಸರ್ ತುರುಕುವ ಉಪಾಯ ಮಾಡಬೇಡಿ. ಎಕ್ಸೆಲ್ ಬಲಕ್ಕೆ ಸರಿದಷ್ಟೂ ಎಡತೋಳಿಗೆ ಸಿಗುವ ಹಿಡಿತ ಕಡಿಮೆಯಾಗುತ್ತದೆ.

ಶೆಲ್ಲಿನ ಥ್ರೆಡ್ಡನ್ನೂ ಮೊದಲೇ ನೋಡಿ. ಬಿಎಸ್ಎ ಥ್ರೆಡ್ಡಿನ 68 ಮಿ.ಮೀ. ಶೆಲ್ ಆದರೆ ಚಿಂತೆಯಿಲ್ಲ. ಅದರಲ್ಲಿ ಬಲಗಡೆ ಕಪ್ ಉಲ್ಟಾ ಥ್ರೆಡ್, ಗಡಿಯಾರದ ಮುಳ್ಳಿಗೆ ವಿರುದ್ಧ ತಿರುಗಿಸಿದರೆ ಬಿಗಿಯಾಗುತ್ತದೆ. ಇದು ಗೊತ್ತಿಲ್ಲದೆ ಪಾನಾ ಹಾಕಿ ಜೋರು ಮಾಡಿದರೆ ಫ್ರೇಮಿನ ಥ್ರೆಡ್ಡೇ ಹೋಗುತ್ತದೆ. ಇಟಾಲಿಯನ್ ಥ್ರೆಡ್ಡಿನ 70 ಮಿ.ಮೀ. ಶೆಲ್ಲಿನಲ್ಲಿ ಎರಡೂ ಕಡೆ ಸಾದಾ ಥ್ರೆಡ್. ಕಾಟರ್ ಪಿನ್ನಿನ ಹಳೆಯ ಕರಿ ಸೈಕಲ್ಲಿಗೆ ರೋಡ್ ಕ್ರ್ಯಾಂಕ್ ಹಾಕುವ ಆಸೆ ಇದ್ದವರು ಎಕ್ಸೆಲ್ ಸಮೇತ ಪೂರಾ ಬಿಬಿ ಬದಲಿಸಬೇಕು. ಅದರ ಥ್ರೆಡ್ ಹೊಸ ಕಪ್ಪಿಗೆ ಹೊಂದುತ್ತದೆಯೇ ಎಂದು ಕೈಯಿಂದ ತಿರುಗಿಸಿ ಖಚಿತಪಡಿಸಿಕೊಳ್ಳದೆ ಕ್ರ್ಯಾಂಕ್ ಕೊಳ್ಳಬೇಡಿ.

ಒಂದು ವಿನಾಯಿತಿ ಇದೆ. ಕ್ಯಾಸೆಟ್ ಕೂರುವ ರೋಡ್ ಚಕ್ರವನ್ನೇ ಸಿಂಗಲ್ ಸ್ಪೀಡ್ ಮಾಡುತ್ತಿದ್ದರೆ ಬಿಬಿ ಮುಟ್ಟುವ ಗೋಜೇ ಬೇಡ. ಫ್ರೀಹಬ್ಬಿನ ಮೇಲೆ ಸ್ಪೇಸರುಗಳನ್ನು ಹಿಂದೆಮುಂದೆ ಮಾಡಿ ಕಾಗನ್ನೇ ರಿಂಗಿನ ಸಾಲಿಗೆ ತರಬಹುದು. ಫಿಕ್ಸಿಗೆ ಈ ದಾರಿ ಇಲ್ಲ. ಹಳೆಯ ಫ್ರೀವ್ಹೀಲ್ ಹಬ್ಬಿಗೆ ಫಿಕ್ಸಿ ಕಾಗ್ ತಿರುಗಿಸಿ ಓಡಿಸುವುದಂತೂ ಬೇಡವೇ ಬೇಡ: ಥ್ರೆಡ್ ಹೊಂದುತ್ತದೆ ನಿಜ, ಆದರೆ ಉಲ್ಟಾ ಥ್ರೆಡ್ಡಿನ ಲಾಕ್‌ರಿಂಗಿಗೆ ಅಲ್ಲಿ ಜಾಗವಿಲ್ಲ. ಹಿಂದಕ್ಕೆ ಒತ್ತಿ ನಿಲ್ಲಿಸಲು ಹೋದಾಗ ಕಾಗ್ ಬಿಚ್ಚಿಕೊಳ್ಳುತ್ತದೆ.

ಜೋಡಣೆ

ಹಳೆಯ ಚೌಕ ತುದಿಯ ಕ್ರ್ಯಾಂಕ್ ಬಿಚ್ಚುವಾಗ ಬೋಲ್ಟಿನ ಜೊತೆ ಅದರ ವಾಶರ್ ಕೂಡ ಹೊರಬಂದಿದೆಯೇ ನೋಡಿ. ವಾಶರ್ ಒಳಗೇ ಉಳಿದಿರುವಾಗ ಪುಲ್ಲರ್ (ತೋಳನ್ನು ಎಳೆದು ತೆಗೆಯುವ ಉಪಕರಣ) ತಿರುಗಿಸಿದರೆ ಅದು ವಾಶರಿಗೆ ಒತ್ತಿ, ತೋಳಿನ ಒಳಥ್ರೆಡ್ ಕಿತ್ತುಬರುತ್ತದೆ. ಪುಲ್ಲರನ್ನು ಮೊದಲು ಕೈಯಲ್ಲಿ ತಿರುಗುವಷ್ಟೂ ಒಳಗೆ ತಿರುಗಿಸಿ, ಆಮೇಲಷ್ಟೇ ನಡುವಿನ ದಂಡಕ್ಕೆ ಪಾನಾ ಹಾಕಿ.

ಹಾಕುವಾಗ ಶೆಲ್ಲಿನ ಥ್ರೆಡ್ ಒರೆಸಿ ಗ್ರೀಸ್ ಹಚ್ಚಿ. ಪುಣೆಯ ಮಳೆಗಾಲ ಕಳೆದ ಮೇಲೆ ಕಪ್ ಸಲೀಸಾಗಿ ಬಿಚ್ಚುವುದು ಈ ಗ್ರೀಸಿನಿಂದಲೇ. ಕಾರ್ಟ್ರಿಜ್ ಬಿಬಿಗೆ 50ರಿಂದ 70 ನ್ಯೂಟನ್ ಮೀಟರ್ ಬಿಗಿ, ಹೊರ ಬೇರಿಂಗಿನ ಕಪ್ಪುಗಳಿಗೆ 35ರಿಂದ 50. ಚೌಕ ತುದಿಯ ಕ್ರ್ಯಾಂಕ್ ಬೋಲ್ಟು 35ರಿಂದ 50. ಹಾಲೋಟೆಕ್ ಎಡತೋಳಿನ ಎರಡು ಬೋಲ್ಟುಗಳು 12ರಿಂದ 14, ಎರಡನ್ನೂ ಸರದಿಯಂತೆ ಸ್ವಲ್ಪ ಸ್ವಲ್ಪವೇ. ಅದರ ತುದಿಯ ಪ್ಲಾಸ್ಟಿಕ್ ಕ್ಯಾಪಿಗೆ ಬೆರಳ ಬಿಗಿ ಸಾಕು, 0.7ರಿಂದ 1.5 ಮಾತ್ರ. ಚೌಕ ತುದಿಗೆ ಗ್ರೀಸ್ ಹಚ್ಚಬೇಕೋ ಬೇಡವೋ ಎಂಬ ವಾದ ಇನ್ನೂ ಮುಗಿದಿಲ್ಲ. ಟಾರ್ಕ್ ಪಾನಾ ಇದ್ದರೆ ತೆಳ್ಳಗೆ ಹಚ್ಚಿ. ಕೈ ಅಂದಾಜಿನಲ್ಲಿ ಬಿಗಿ ಮಾಡುವವರು ಒಣಗಿದ್ದಂತೆಯೇ ಹಾಕಲಿ, ಏಕೆಂದರೆ ಗ್ರೀಸ್ ಇದ್ದಾಗ ತೋಳು ಅತಿಯಾಗಿ ಮೇಲೇರುತ್ತದೆ.

ಈಗ ಚೈನ್. ರೋಡ್ ರಿಂಗಿನ ಹಲ್ಲು 3/32 ಇಂಚಿನ ಚೈನಿಗೆ ಮಾಡಿದ್ದು, ಟ್ರ್ಯಾಕ್ ಕಾಗುಗಳಲ್ಲಿ ಹೆಚ್ಚಿನವು 1/8 ಇಂಚಿನವು. ಅಗಲವಾದ 1/8 ಚೈನ್ ಎರಡರ ಮೇಲೂ ಓಡುತ್ತದೆ, ಮುಂದೆ ಸ್ವಲ್ಪ ಸಡಿಲ ಎನಿಸುತ್ತದೆ ಅಷ್ಟೆ. 3/32 ಚೈನ್ ಮಾತ್ರ 1/8 ಹಲ್ಲಿನ ಮೇಲೆ ಕೂರುವುದೇ ಇಲ್ಲ.

ಫಿಕ್ಸಿಗೆ ಚೈನ್ ಬಿಗಿ ಮಾಡಲು ಹಿಂದಿನ ಚಕ್ರ ಹಿಂದೆ-ಮುಂದೆ ಸರಿಯುವ ಡ್ರಾಪೌಟ್ (ಚಕ್ರ ಕೂರುವ ಫ್ರೇಮಿನ ಸೀಳು) ಬೇಕು. ಚಕ್ರ ನೇರ ಮೇಲಕ್ಕೆ ಕೂರುವ ಡ್ರಾಪೌಟಿನಲ್ಲಿ ಟೆನ್ಷನರ್ (ಚೈನ್ ಎಳೆದು ಹಿಡಿಯುವ ಸಲಕರಣೆ) ಹಾಕಿ ಸಿಂಗಲ್ ಸ್ಪೀಡ್ ಓಡಿಸಬಹುದು. ಫಿಕ್ಸಿಗೆ ಟೆನ್ಷನರ್ ಸಲ್ಲದು. ಹಿಂದಕ್ಕೆ ಒತ್ತಿದಾಗ ಕೆಳಗಿನ ಚೈನೇ ಬಿಗಿಯಾಗುತ್ತದೆ, ಟೆನ್ಷನರ್ ಅದನ್ನು ತಡೆಯಲಾರದೆ ಮುರಿಯುತ್ತದೆ. ನಡುವಿನಲ್ಲಿ ಚೈನನ್ನು ಬೆರಳಿಂದ ಮೇಲೆ ಕೆಳಗೆ ಆಡಿಸಿದರೆ ಒಟ್ಟು 10-12 ಮಿ.ಮೀ. ಆಡಬೇಕು.

ಇಲ್ಲಿಯೇ ರೋಡ್ ಕ್ರ್ಯಾಂಕಿನ ಇನ್ನೊಂದು ಗುಣ ಬಯಲಾಗುವುದು. ಡಿರೇಲರ್ ಇರುವಾಗ ರಿಂಗ್ ಅರ್ಧ ಮಿ.ಮೀ. ಓರೆಗೆ ಕೂತಿದ್ದರೂ ಗೊತ್ತಾಗುವುದಿಲ್ಲ. ಫಿಕ್ಸಿಯಲ್ಲಿ ಒಂದು ಸುತ್ತಿನಲ್ಲಿ ಚೈನ್ ಒಂದು ಕಡೆ ತಂತಿಯಂತೆ ಬಿಗಿದು, ಇನ್ನೊಂದು ಕಡೆ ಜೋತುಬೀಳುತ್ತದೆ. ಬೋಲ್ಟಿಗೂ ತೂತಿಗೂ ನಡುವೆ ಕೂದಲೆಳೆಯ ಜಾಗ ಇರುವುದರಿಂದ ಇದನ್ನು ಸರಿಪಡಿಸಬಹುದು. ಐದೂ ಬೋಲ್ಟನ್ನು ಸಡಿಲಿಸಿ, ರಿಂಗ್ ತಟ್ಟಿದರೆ ಮಾತ್ರ ಸರಿಯುವಷ್ಟು ಬಿಗಿ ಇಡಿ. ಕ್ರ್ಯಾಂಕ್ ತಿರುಗಿಸುತ್ತ ಚೈನ್ ಅತಿ ಬಿಗಿಯಾಗುವ ಜಾಗ ಹುಡುಕಿ. ಅಲ್ಲಿ ನಿಲ್ಲಿಸಿ ಮೇಲಿನ ಚೈನಿನ ನಡುವೆ ಪಾನಾ ಹಿಡಿಕೆಯಿಂದ ಮೆಲ್ಲಗೆ ತಟ್ಟಿ. ರಿಂಗ್ ತಾನೇ ಒಂದಿಷ್ಟು ಹಿಂದಕ್ಕೆ ಸರಿಯುತ್ತದೆ. ಮತ್ತೆ ತಿರುಗಿಸಿ, ಮತ್ತೆ ಹುಡುಕಿ. ಎಲ್ಲ ಕಡೆ ಹೆಚ್ಚುಕಡಿಮೆ ಸಮ ಅನಿಸಿದ ಮೇಲೆ ಬೋಲ್ಟು ಬಿಗಿ ಮಾಡಿ. ಚೈನಿನ ಬಿಗಿ ಕೊನೆಗೆ ಹೊಂದಿಸಬೇಕಾದ್ದು ಆ ಅತಿ ಬಿಗಿ ಜಾಗದಲ್ಲೇ. ಸಡಿಲ ಜಾಗ ನೋಡಿ ಎಳೆದರೆ ಬೇರಿಂಗಿಗೆ ಕೇಡು.

ತೋಳಿನ ಉದ್ದ ಮತ್ತು ಹಲ್ಲಿನ ಲೆಕ್ಕ

ಟ್ರ್ಯಾಕ್ ಕ್ರ್ಯಾಂಕ್ ಹೆಚ್ಚಾಗಿ 165 ಮಿ.ಮೀ. ರೋಡಿನದು 170, 172.5, 175. ಫಿಕ್ಸಿಯಲ್ಲಿ ತಿರುವಿನಲ್ಲೂ ಪೆಡಲ್ ನಿಲ್ಲಿಸಲಾಗದು, ಮತ್ತು ರೋಡ್ ಫ್ರೇಮಿನ ಬಿಬಿ ಟ್ರ್ಯಾಕ್ ಫ್ರೇಮಿಗಿಂತ ನೆಲಕ್ಕೆ ಹತ್ತಿರ. ವಾಲಿದಾಗ ಒಳಗಿನ ಪೆಡಲ್ ನೆಲಕ್ಕೆ ತಾಗಿದರೆ ಹಿಂದಿನ ಚಕ್ರವೇ ಎದ್ದುಬಿಡುತ್ತದೆ. ರೋಡ್ ಫ್ರೇಮಿಗೆ ಫಿಕ್ಸಿ ಮಾಡುವವರು 170ಕ್ಕಿಂತ ಉದ್ದದ್ದನ್ನು ಬಿಡುವುದೇ ಲೇಸು, 165 ಸಿಕ್ಕರೆ ಇನ್ನೂ ಒಳ್ಳೆಯದು. ಸಿಂಗಲ್ ಸ್ಪೀಡಿಗೆ ಈ ಕಟ್ಟಳೆ ಇಲ್ಲ.

ಹಲ್ಲಿನ ವಿಷಯಕ್ಕೆ ಬಂದರೆ, ಅಂಗಡಿಯಲ್ಲಿ ಸಿದ್ಧ ಫಿಕ್ಸಿಗಳಿಗೆ 46/16 (ಮುಂದೆ 46, ಹಿಂದೆ 16 ಹಲ್ಲು) ಹಾಕಿ ಕೊಡುವುದು ಸಾಮಾನ್ಯ. 700×25 ಟೈರಿನಲ್ಲಿ ಅದು ಪೆಡಲಿನ ಒಂದು ಸುತ್ತಿಗೆ ಸುಮಾರು 6.05 ಮೀಟರ್ ಮುಂದೆ ಹೋಗುತ್ತದೆ, ನಿಮಿಷಕ್ಕೆ 90 ಸುತ್ತಾದರೆ ಗಂಟೆಗೆ 32-33 ಕಿ.ಮೀ. ಡೆಕ್ಕನ್‌ನಿಂದ ಔಂಧ್ ಕಡೆಗೆ ಇದು ಖುಷಿ ಕೊಡುತ್ತದೆ. ಕೋಥ್ರುಡ್‌ನಿಂದ ಚಾಂದಣಿ ಚೌಕದ ಏರಿಗೆ ಬಂದಾಗ ಮೊಣಕಾಲು ಲೆಕ್ಕ ಕೇಳುತ್ತದೆ. ಒಳಗಿನ 39ರ ರಿಂಗಿಗೆ 16ರ ಕಾಗ್ ಹಾಕಿದರೆ ಒಂದು ಸುತ್ತಿಗೆ 5.13 ಮೀಟರ್, 90 ಸುತ್ತಿಗೆ ಗಂಟೆಗೆ ಸುಮಾರು 27.7 ಕಿ.ಮೀ. ಪುಣೆಯ ಏರಿಳಿತಕ್ಕೂ ಸಿಗ್ನಲ್ಲಿಂದ ಸಿಗ್ನಲ್ಲಿಗೆ ನಿಂತು ಹೊರಡುವುದಕ್ಕೂ ಇದೇ ಸೂಕ್ತ. ಸ್ಕಿಡ್ ಮಾಡುವವರಿಗೆ (ಪೆಡಲ್ ತಡೆದು ಹಿಂದಿನ ಚಕ್ರ ಜಾರಿಸಿ ನಿಲ್ಲಿಸುವವರಿಗೆ) ಇನ್ನೊಂದು ಲಾಭ: 39ಕ್ಕೂ 16ಕ್ಕೂ ಸಾಮಾನ್ಯ ಅಪವರ್ತನ ಇಲ್ಲದ ಕಾರಣ ಟೈರ್ 16 ಕಡೆ ಹಂಚಿಕೊಂಡು ಸವೆಯುತ್ತದೆ. 48/16ರಲ್ಲಿ ಪ್ರತಿ ಸಲವೂ ಒಂದೇ ಕಡೆ ಉಜ್ಜಿ ಟೈರ್ ಬೇಗ ತೂತು. ಸ್ಕಿಡ್ ಬರುತ್ತದೆಂದು ಮುಂದಿನ ಬ್ರೇಕ್ ತೆಗೆಯಬೇಡಿ. ಚೈನ್ ತಪ್ಪಿದ ದಿನ ಸೈಕಲ್ ನಿಲ್ಲಿಸುವುದು ಅದೊಂದೇ.

ಮೊದಲ 50-100 ಕಿ.ಮೀ. ಆದ ಮೇಲೆ ಕ್ರ್ಯಾಂಕ್ ಬೋಲ್ಟು, ರಿಂಗ್ ಬೋಲ್ಟು ಎರಡಕ್ಕೂ ಮತ್ತೊಮ್ಮೆ ಪಾನಾ ಹಾಕಿ. ಫಿಕ್ಸಿಯಲ್ಲಿ ತುಳಿತ ಹಿಂದೆ ಮುಂದೆ ಎರಡೂ ಕಡೆ ಬೀಳುವುದರಿಂದ ಸಡಿಲವಾಗುವುದು ಬೇಗ. ಸಡಿಲ ತೋಳಿನಲ್ಲಿ ಒಂದೆರಡು ದಿನ ಓಡಿಸಿದರೂ ಅಲ್ಯೂಮಿನಿಯಂ ಚೌಕ ಗುಂಡಗಾಗುತ್ತದೆ; ಆಮೇಲೆ ಎಷ್ಟು ಬಿಗಿ ಮಾಡಿದರೂ ನಿಲ್ಲದು, ತೋಳು ಎಸೆಯಬೇಕಷ್ಟೆ. ಸದ್ದಿನಿಂದಲೂ ತಿಳಿಯುತ್ತದೆ. ಪ್ರತಿ ಸುತ್ತಿಗೊಮ್ಮೆ ಒಂದೇ ಜಾಗದಲ್ಲಿ ಟಕ್ ಎಂದರೆ ತೋಳು ಅಥವಾ ಪೆಡಲ್. ತುಳಿತ ಹೆಚ್ಚಾದಾಗ ಮಾತ್ರ ಕಿರುಗುಟ್ಟಿದರೆ ರಿಂಗ್ ಬೋಲ್ಟು. ಬಿಡದೆ ಕರಕರ ಎನ್ನುತ್ತಿದ್ದರೆ ಚೈನ್‌ಲೈನ್, ಸ್ಕೇಲ್ ಹಿಡಿದು ಮತ್ತೆ ಅಳೆಯಿರಿ.